ನಲವತ್ತೈದಕ್ಕೆ ಕೆಲಸ ಹೋದ ಬಾಂಬರ್ ಪೈಲಟ್

"ನನಗೀಗ ನಲವತ್ತೈದು. ಹತ್ತೊಂಬತ್ತು ವರ್ಷ ಕಲಿತಿದ್ದಕ್ಕೆ ಇನ್ನು ಮೇಲೆ ಎಲ್ಲಾದರೂ ಬೆಲೆ ಇದೆಯಾ ಮೇಡಂ?"

ಹೋದ ಸಲದ ಅಂಕಣಕ್ಕೆ ಬಂದ ಮೇಲ್‌ಗಳಲ್ಲಿ ಒಂದು ಈ ಪ್ರಶ್ನೆಯಿಂದ ಮುಗಿದಿತ್ತು. ಬರೆದವರು ಎಲೆಕ್ಟ್ರಾನಿಕ್ ಸಿಟಿಯವರು. ಬುಧವಾರ ಹನ್ನೊಂದಕ್ಕೆ ಹದಿನೈದು ನಿಮಿಷದ ಮೀಟಿಂಗ್, ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್. ಮೂರು ವಾರವಾದರೂ ಮನೆಯಲ್ಲಿ ಹೇಳಿಲ್ಲವಂತೆ. ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹೊರಡುತ್ತಾರೆ, ಸಂಜೆ ವಾಪಸ್ ಬರುತ್ತಾರೆ.

ಇಂಥ ಪ್ರಶ್ನೆಗೆ "ಎಲ್ಲಾ ಒಳ್ಳೇದಾಗುತ್ತೆ" ಅಂತ ಬರೆದು ಕಳಿಸೋದು ಸುಲಭ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ಸಮಾಧಾನ ಹೇಳೋದು ಬಿಟ್ಟು, ಅದೇ ವಯಸ್ಸಲ್ಲಿ ಕೆಲಸ ಕಳ್ಕೊಂಡ ಒಬ್ಬರ ಕಥೆ ಹೇಳ್ತೀನಿ. ಅವರು ನಾವು ದಿನಾ ಬೈಕೊಂಡು ದಾಟೋ ರಸ್ತೆಯ ಪಕ್ಕದಲ್ಲೇ ಮೂರು ವರ್ಷ ಆಫೀಸು ನಡೆಸಿದವರು.

ಹೆಸರು ಪ್ರತಾಪ್ ಚಂದ್ರ ಲಾಲ್. ಪಿ.ಸಿ. ಲಾಲ್ ಅಂದರೆ ವಾಯುಪಡೆಯವರಿಗೆ ತಕ್ಷಣ ಗೊತ್ತಾಗುತ್ತೆ. 1971ರ ಯುದ್ಧದಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥ, ಏರ್ ಚೀಫ್ ಮಾರ್ಷಲ್. ಭೂಸೇನೆಯಲ್ಲಿ ಜನರಲ್ ಅಂತೀವಲ್ಲ, ಅದಕ್ಕೆ ಸಮನಾದ ದರ್ಜೆ. ಕನ್ನಡಿಗರಲ್ಲ, ಹುಟ್ಟಿದ್ದು ಲುಧಿಯಾನದಲ್ಲಿ, 1916ರ ಡಿಸೆಂಬರ್‌ನಲ್ಲಿ. ಆದರೆ ಮುಖ್ಯಸ್ಥರಾಗೋಕೆ ಮುಂಚೆ, 1966ರಿಂದ 1969ರವರೆಗೆ, ಅವರು ನಮ್ಮ ಎಚ್ಎಎಲ್‌ನ ಅಧ್ಯಕ್ಷರಾಗಿದ್ದರು. ವೈಟ್‌ಫೀಲ್ಡ್‌ಗೆ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಹೋಗೋರು ಮಾರತ್ತಹಳ್ಳಿಗೆ ಮುಂಚೆ ದಾಟ್ತೀರಲ್ಲ, ಉದ್ದದ ಕಾಂಪೌಂಡು, ಅದೇ.

ಲಾಲ್ ಹದಿನೇಳನೇ ವಯಸ್ಸಿಗೇ ದೆಹಲಿ ಫ್ಲೈಯಿಂಗ್ ಕ್ಲಬ್ಬಿನಲ್ಲಿ ವಿಮಾನ ಹಾರಿಸೋ ಲೈಸೆನ್ಸ್ ತಗೊಂಡವರು. ಆದರೆ ಅದನ್ನೇ ವೃತ್ತಿ ಮಾಡ್ಕೋಬೇಕು ಅಂತ ಇರಲಿಲ್ಲ. ಇಂಗ್ಲೆಂಡಿಗೆ ಹೋಗಿ ಕಾನೂನು ಓದ್ತಿದ್ದರು. 1939ರಲ್ಲಿ ರಜೆಗೆ ಊರಿಗೆ ಬಂದಾಗ ಎರಡನೇ ಮಹಾಯುದ್ಧ ಶುರುವಾಯಿತು. ಲೈಸೆನ್ಸ್ ಇದ್ದವರಿಗೆ ಕರೆ ಬಂತು. ವಕೀಲರಾಗಬೇಕಿದ್ದವರು ಆ ನವೆಂಬರ್‌ನಲ್ಲಿ ವಾಯುಪಡೆ ಸೇರಿದರು. ಮೊದಲ ವರ್ಷಗಳು ಬೇರೆಯವರಿಗೆ ತರಬೇತಿ ಕೊಡೋದರಲ್ಲೇ ಹೋದವು. 1943ರಲ್ಲಿ 7ನೇ ಸ್ಕ್ವಾಡ್ರನ್‌ಗೆ ಹಾಕಿದರು. ಅಲ್ಲಿ ಅವರ ಕೈಗೆ ಬಂದ ವಿಮಾನ ವಲ್ಟೀ ವೆಂಜೆನ್ಸ್.

ಈ ವಿಮಾನದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಮೆರಿಕದಲ್ಲಿ ತಯಾರಾದ ಡೈವ್ ಬಾಂಬರ್ ಇದು. ಒಂದೇ ಎಂಜಿನ್, ಇಬ್ಬರಿಗೆ ಜಾಗ. ಮುಂದೆ ಪೈಲಟ್, ಹಿಂದೆ ಮೆಷಿನ್‌ಗನ್ ಹಿಡಿದು ಇನ್ನೊಬ್ಬ. ಸಾಮಾನ್ಯವಾಗಿ ವಿಮಾನದ ರೆಕ್ಕೆಯನ್ನು ಮೈಗೆ ಚೂರು ಓರೆಯಾಗಿ, ಮುಂಭಾಗ ಸ್ವಲ್ಪ ಮೇಲೆದ್ದ ಹಾಗೆ ಜೋಡಿಸಿರುತ್ತಾರೆ. ಹಾಗಾಗಿ ಮೂತಿ ಕೆಳಗೆ ಮಾಡಿ ಧುಮುಕಿದರೂ ರೆಕ್ಕೆ ಅದನ್ನು ಪಕ್ಕಕ್ಕೆ ಎಳೀತಾನೇ ಇರುತ್ತೆ. ವೆಂಜೆನ್ಸ್‌ನಲ್ಲಿ ಆ ಓರೆ ಇರಲಿಲ್ಲ. ಸಾವಿರಾರು ಅಡಿ ಮೇಲಿಂದ ಮೂತಿ ನೆಲಕ್ಕೆ ಮಾಡಿದರೆ ಗಾರೆ ಕೆಲಸದವರ ತೂಗುಗುಂಡಿನ ಹಾಗೆ ನೆಟ್ಟಗೆ ಇಳೀತಿತ್ತು. ವೇಗ ಮಿತಿಮೀರದ ಹಾಗೆ ರೆಕ್ಕೆಯ ಮೇಲೆ ಬ್ರೇಕು. ಗುರಿ ಪೈಲಟ್‌ನ ಕಣ್ಣೆದುರಿಗೇ ದೊಡ್ಡದಾಗ್ತಾ ಬರುತ್ತೆ. ಸರಿಯಾದ ಎತ್ತರದಲ್ಲಿ ಬಾಂಬ್ ಬಿಟ್ಟು, ಮೈಭಾರವೆಲ್ಲ ಸೀಟಿಗೆ ಒತ್ತುವಾಗ ಮೇಲೆ ಎಳೀಬೇಕು. ತಡ ಮಾಡಿದರೆ ಎರಡನೇ ಚಾನ್ಸ್ ಇಲ್ಲ.

ಧುಮುಕೋದರಲ್ಲಿ ಎಷ್ಟು ಚೆನ್ನಾಗಿತ್ತೋ, ಮಾಮೂಲಿ ಹಾರಾಟದಲ್ಲಿ ಅಷ್ಟೇ ತೊಡಕು. ಓರೆ ಇಲ್ಲದ ರೆಕ್ಕೆಯಿಂದಾಗಿ ಮೂತಿ ಎತ್ತಿಕೊಂಡೇ ಹಾರಬೇಕು, ಪೈಲಟ್‌ಗೆ ಮುಂದಿನದು ಸರಿಯಾಗಿ ಕಾಣಲ್ಲ. ಅದನ್ನು ತಯಾರಿಸಿದ ಅಮೆರಿಕದವರೇ ಯುದ್ಧದಲ್ಲಿ ಬಳಸಲಿಲ್ಲ. ಬ್ರಿಟಿಷರು ಯುರೋಪಿನ ಯುದ್ಧಕ್ಕೆ ಒಯ್ಯಲಿಲ್ಲ. ಬೇರೆಯವರು ಬೇಡವೆಂದ ವಿಮಾನ ಬರ್ಮಾ ಗಡಿಗೆ ಬಂತು.

ಅಲ್ಲಿ ಅದೇ ಉಪಯೋಗಕ್ಕೆ ಬಂತು. 1944ರಲ್ಲಿ ಜಪಾನೀಯರು ಇಂಫಾಲ್, ಕೊಹಿಮಾ ಕಡೆ ನುಗ್ಗಿದಾಗ ಯುದ್ಧ ನಡೆದದ್ದು ದಟ್ಟ ಕಾಡಿನ ಬೆಟ್ಟಗಳಲ್ಲಿ. ನಮ್ಮ ಸೈನಿಕರಿಗೂ ಎದುರಾಳಿಯ ಬಂಕರ್‌ಗೂ ನಡುವೆ ಕೆಲವೊಮ್ಮೆ ಕೆಲವು ನೂರು ಗಜ ಅಷ್ಟೇ. ಎತ್ತರದಿಂದ ಅಂದಾಜಲ್ಲಿ ಬಾಂಬ್ ಉದುರಿಸಿದರೆ ನಮ್ಮವರ ತಲೆ ಮೇಲೇ ಬೀಳಬಹುದು. ನೆಟ್ಟಗೆ ಇಳಿದು ಒಂದು ಸೇತುವೆ, ಒಂದು ಬಂಕರ್ ಅಂತ ಗುರಿಯಿಟ್ಟು ಹೊಡೆಯೋರು ಬೇಕಿತ್ತು. ಲಾಲ್ ಆ ವರ್ಷದ ಮಧ್ಯದಲ್ಲಿ 7ನೇ ಸ್ಕ್ವಾಡ್ರನ್‌ನ ನಾಯಕರಾದರು. ಆ ಸೇವೆಗೆ ಡಿಎಫ್‌ಸಿ, ಅಂದರೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಬಂತು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಬಾಂಬ್ ಹಾಕೋದರಲ್ಲಿ ಚೆಂದ ಏನೂ ಇಲ್ಲ. ಕೆಳಗೆ ಇರೋರೂ ಮನುಷ್ಯರೇ. ಆದರೆ ಡೈವ್ ಬಾಂಬರ್ ಪೈಲಟ್‌ಗೆ ತನ್ನ ಕೆಲಸದ ಫಲ ಕಣ್ಣಿಗೆ ಕಾಣುತ್ತೆ, ತಪ್ಪಿದರೆ ಯಾರ ತಲೆ ಮೇಲೆ ಬೀಳುತ್ತೆ ಅನ್ನೋದೂ ಗೊತ್ತಿರುತ್ತೆ. ಕೆಳಗೆ ಕೆಸರಲ್ಲಿ ಕೂತ ಸಿಪಾಯಿ ಆಕಾಶ ನೋಡ್ತಾ ಕಾಯ್ತಿದ್ದಾನೆ. ಹತ್ತು ನಿಮಿಷ ತಡವಾದರೆ ಅವನಿಲ್ಲ. ಲಾಲ್ ಅವರ ಮುಂದಿನ ಬದುಕನ್ನು ಓದಿದಾಗ, ಆ ಸಿಪಾಯಿಯನ್ನು ಅವರು ಮರೀಲೇ ಇಲ್ಲ ಅನ್ಸುತ್ತೆ.

ಸ್ವಾತಂತ್ರ್ಯ ಬಂತು, ಬಡ್ತಿಗಳು ಬಂದವು. 1957ರಲ್ಲಿ ಅವರನ್ನು ಎರವಲು ಸೇವೆಯ ಮೇಲೆ ಇಂಡಿಯನ್ ಏರ್‌ಲೈನ್ಸ್‌ಗೆ ಜನರಲ್ ಮ್ಯಾನೇಜರ್ ಮಾಡಿ ಕಳಿಸಿದರು. ಬಾಂಬ್ ಹಾಕ್ತಿದ್ದವರು ಈಗ ಟಿಕೆಟ್, ಟೈಮ್‌ಟೇಬಲ್, ಯೂನಿಯನ್, ಪ್ರಯಾಣಿಕರ ದೂರು ನೋಡಬೇಕು. ಐದು ವರ್ಷ ನೋಡಿದರು.

1962 ಬಂತು. ಎರವಲು ಅವಧಿ ಮುಗೀತು, ವಾಯುಪಡೆಗೆ ವಾಪಸ್ ಹೋಗಬೇಕು. ಆಗ ರಕ್ಷಣಾ ಸಚಿವರಾಗಿದ್ದವರು ವಿ.ಕೆ. ಕೃಷ್ಣ ಮೆನನ್. ಇಬ್ಬರಿಗೂ ಸರಿ ಬರ್ತಿರಲಿಲ್ಲ. ವಾಪಸ್ ತಗೊಳ್ಳೋ ಬದಲು ಲಾಲ್ ಅವರ ಸೇವೆಯನ್ನೇ ಸೆಪ್ಟೆಂಬರ್ ಕೊನೆಗೆ ಮುಗಿಸಿಬಿಟ್ಟರು. ಇಪ್ಪತ್ತಮೂರು ವರ್ಷದ ಸರ್ವಿಸ್, ಯುದ್ಧದ ಪದಕ, ಒಂದು ವಿಮಾನ ಸಂಸ್ಥೆ ನಡೆಸಿದ ಅನುಭವ. ವಯಸ್ಸು ನಲವತ್ತೈದು.

ಮುಂದಿನ ತಿಂಗಳು ಚೀನಾ ಯುದ್ಧ ಶುರುವಾಯಿತು. ಆ ಸೋಲಿನಲ್ಲಿ ಮೆನನ್ ರಾಜೀನಾಮೆ ಕೊಡಬೇಕಾಯಿತು. ಅವರು ಹೋದ ಮೇಲೆ ಲಾಲ್ ಅವರನ್ನು ವಾಯುಪಡೆಗೆ ವಾಪಸ್ ಕರೆದರು.

"ನೋಡಿ, ತಾಳ್ಮೆಯಿಂದ ಇದ್ದರೆ ಎಲ್ಲಾ ಸರಿಹೋಗುತ್ತೆ" ಅಂತ ನಾನಿಲ್ಲಿ ಹೇಳೋದಿಲ್ಲ. ಲಾಲ್ ಅವರಿಗೆ ಬಾಗಿಲು ತೆರೆದದ್ದು ಒಂದು ಯುದ್ಧ, ಒಬ್ಬ ಸಚಿವರ ನಿರ್ಗಮನ. ನಮ್ಮಲ್ಲಿ ಕೆಲಸ ಹೋದ ಎಲ್ಲರಿಗೂ ಹಾಗೆ ಕರೆ ಬರಲ್ಲ. ಅದು ಅದೃಷ್ಟ, ಅದನ್ನು ಅದೃಷ್ಟ ಅಂತಾನೇ ಕರೀಬೇಕು. ಕೆಲಸ ಹೋದವರ ಮುಂದೆ ಅದೃಷ್ಟವನ್ನು ಗುಣ ಅಂತ ಮಾರೋರನ್ನು ಕಂಡರೆ ನನಗೆ ಆಗಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಭಾಗ. ವಾಪಸ್ ಬಂದವರು ಏನನ್ನು ಜೊತೆಗೆ ತಂದರು ಅನ್ನೋದು.

1964ರಲ್ಲಿ ಅವರು ವಾಯುಪಡೆಯ ಉಪ ಮುಖ್ಯಸ್ಥರಾದರು. ಮುಖ್ಯಸ್ಥರು ಅರ್ಜನ್ ಸಿಂಗ್. ಮುಂದಿನ ವರ್ಷವೇ ಪಾಕಿಸ್ತಾನದ ಜೊತೆ ಯುದ್ಧ. ಆ ಯುದ್ಧದಲ್ಲಿ ಭೂಸೇನೆ ಒಂದು ಕಡೆ, ವಾಯುಪಡೆ ಒಂದು ಕಡೆ ಅನ್ನೋ ಹಾಗಾಯಿತು. ಕೆಳಗಿನವರಿಗೆ ಯಾವಾಗ ಏನು ಬೇಕು ಅನ್ನೋದು ಮೇಲಿನವರಿಗೆ ಸರಿಯಾಗಿ ತಲುಪಲಿಲ್ಲ. ಇಂಫಾಲ್‌ನ ಮೇಲೆ ಹಾರಿದ್ದ ಮನುಷ್ಯ ಇದನ್ನು ಮೇಜಿನ ಈ ಕಡೆಯಿಂದ ನೋಡಿದರು.

ಆಮೇಲೆ 1966ರಲ್ಲಿ ಬೆಂಗಳೂರು. ಎಚ್ಎಎಲ್ ಹುಟ್ಟಿದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಯೋಜನೆ, ಮೈಸೂರು ಸಂಸ್ಥಾನದ ಜಮೀನು ಮತ್ತು ಹಣ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲ. ಒಂದು ತಮಾಷೆ ಕೇಳಿ. ಶುರುವಿನಲ್ಲಿ ಅಲ್ಲಿಗೆ ಬಂದ ಆರ್ಡರ್‌ಗಳಲ್ಲಿ ವಲ್ಟೀ ಕಂಪನಿಯ ಬಾಂಬರ್ ಕೂಡ ಇತ್ತು, ಲಾಲ್ ಮುಂದೆ ಬರ್ಮಾದಲ್ಲಿ ಹಾರಿಸಿದ ವೆಂಜೆನ್ಸ್ ತಯಾರಿಸಿದ ಅದೇ ಕಂಪನಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತದ ಮೊದಲ ಭಾರೀ ಬಾಂಬರ್‌ಗಳು ಸಿದ್ಧವಾದದ್ದೂ ಇಲ್ಲೇ. ಕಾನ್ಪುರದಲ್ಲಿ ಬಿಟ್ಟುಹೋಗಿದ್ದ, ಉಪಯೋಗಕ್ಕೆ ಬಾರದಂತೆ ಕೆಡಿಸಿಟ್ಟಿದ್ದ ಬಿ-24 ಲಿಬರೇಟರ್‌ಗಳನ್ನು ಎಚ್ಎಎಲ್ ಪೈಲಟ್ ಜಮ್ಷೆಡ್ ಮುನ್ಷಿ ಒಂದೊಂದಾಗಿ ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಇಲ್ಲಿ ರಿಪೇರಿ ಮಾಡಿ 1948ರ ನವೆಂಬರ್‌ನಲ್ಲಿ ಅವುಗಳಿಂದ ಒಂದು ಸ್ಕ್ವಾಡ್ರನ್ ಕಟ್ಟಿದರು. ಗುಜರಿ ಅಂತ ಬಿಟ್ಟದ್ದು 1968ರವರೆಗೆ ಹಾರಿತು.

ಲಾಲ್ ಬಂದಾಗ ಇಲ್ಲಿ ನ್ಯಾಟ್ ಯುದ್ಧವಿಮಾನ ತಯಾರಾಗ್ತಿತ್ತು, ಕಿರಣ್ ತರಬೇತಿ ವಿಮಾನ ಸಿದ್ಧವಾಗ್ತಿತ್ತು. ಜರ್ಮನಿಯ ಕುರ್ಟ್ ಟ್ಯಾಂಕ್ ತಂಡ ನಮ್ಮವರ ಜೊತೆ ವಿನ್ಯಾಸ ಮಾಡಿದ ಎಚ್‌ಎಫ್-24 ಮರುತ್ ಸ್ಕ್ವಾಡ್ರನ್ ಸೇರೋ ಹಂತದಲ್ಲಿತ್ತು. ಮರುತ್‌ನ ಮೈ ಚೆಂದ, ಎಂಜಿನ್ ಸಾಲದು. ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೇವರೆಗೂ ಸಿಗಲೇ ಇಲ್ಲ. ಆದರೂ 1967ರಲ್ಲಿ ಅದು 10ನೇ ಸ್ಕ್ವಾಡ್ರನ್ ಸೇರಿತು. ಇಷ್ಟು ವರ್ಷ ಫ್ಯಾಕ್ಟರಿ ಕೊಟ್ಟ ವಿಮಾನ ಹಾರಿಸಿ "ಇದು ಸರಿಯಿಲ್ಲ" ಅಂತಿದ್ದವರು ಈಗ ಫ್ಯಾಕ್ಟರಿಯ ಕುರ್ಚಿಯಲ್ಲಿ ಕೂತು, ಯಾಕೆ ಸರಿಯಾಗ್ತಿಲ್ಲ ಅಂತ ಕಂಡರು.

ನಮ್ಮ ಭಾವ ಪೀಣ್ಯದಲ್ಲಿ ಎರಡು ಸಿಎನ್‌ಸಿ ಮಷೀನ್ ಇಟ್ಕೊಂಡಿದ್ದಾರೆ. ವಿಮಾನದ ಭಾಗಗಳ ಜಾಬ್ ವರ್ಕ್ ಕೂಡ ಮಾಡ್ತಾರೆ. "ಡ್ರಾಯಿಂಗ್ ಬರುತ್ತೆ, ಪಾರ್ಟ್ ಹೋಗುತ್ತೆ. ಎರಡು ಮೈಕ್ರಾನ್ ಹೆಚ್ಚುಕಮ್ಮಿ ಆದ್ರೆ ರಿಜೆಕ್ಟ್. ಅದು ಯಾವ ವಿಮಾನದ ಎಲ್ಲಿ ಕೂರುತ್ತೆ ಅಂತ ನಮಗೆ ಯಾರೂ ಹೇಳಲ್ಲ ಕಣಮ್ಮ" ಅಂತಾರೆ. ವೈಟ್‌ಫೀಲ್ಡ್‌ನಲ್ಲಿ ನಮ್ಮ ಕಥೆಯೂ ಅದೇ ಅಲ್ವಾ? ಟಿಕೆಟ್ ಬರುತ್ತೆ, ಕೋಡ್ ಹೋಗುತ್ತೆ. ಆ ಬಟನ್ ಒತ್ತೋದು ಯಾರು, ಒತ್ತಿದಾಗ ತೆರೆಯದಿದ್ದರೆ ಅವರಿಗೆ ಏನಾಗುತ್ತೆ ಅಂತ ನೋಡಿದವರು ಎಷ್ಟು ಜನ? ನಾನು ವರ್ಷಗಟ್ಟಲೆ ಟೆಸ್ಟ್ ಮಾಡಿದ ಒಂದು ಆ್ಯಪನ್ನು ಬಳಸೋ ಮನುಷ್ಯರನ್ನು ಒಂದು ಸಲವೂ ಭೇಟಿ ಆಗಿಲ್ಲ.

1969ರ ಜುಲೈನಲ್ಲಿ ಲಾಲ್ ವಾಯುಪಡೆಯ ಮುಖ್ಯಸ್ಥರಾದರು. ಐವತ್ತೆರಡು ವರ್ಷ. ಕೆಲಸ ಹೋಗಿ ಏಳು ವರ್ಷ ತುಂಬುತ್ತಾ ಬಂದಿತ್ತು.

1971ರ ಯುದ್ಧಕ್ಕೆ ತಯಾರಿ ಮಾಡುವಾಗ ಅವರು ಆದ್ಯತೆಯ ಪಟ್ಟಿಯನ್ನು ಹೊಸದಾಗಿ ಹಾಕಿದರು. ಮೊದಲು ನಮ್ಮ ನೆಲೆಗಳ ರಕ್ಷಣೆ, ಅದರ ಬೆನ್ನಿಗೇ ಭೂಸೇನೆಗೂ ನೌಕಾಪಡೆಗೂ ನೆರವು. ಸೇನಾ ಕಮಾಂಡ್‌ಗಳ ಜೊತೆ ವಾಯುಪಡೆಯ ಅಧಿಕಾರಿಗಳು ಕೂತು ಕೆಲಸ ಮಾಡೋ ವ್ಯವಸ್ಥೆಯನ್ನು ಗಟ್ಟಿ ಮಾಡಿದರು. ಕಾಗದದ ಮೇಲೆ ಇದು ಒಣ ವಿಷಯ. ಆದರೆ ಡಿಸೆಂಬರ್ 5ರ ಬೆಳಗಿನ ಜಾವ ರಾಜಸ್ಥಾನದ ಲೋಂಗೆವಾಲಾದಲ್ಲಿ ಇದ್ದವರಿಗೆ ಒಣ ವಿಷಯ ಆಗಿರಲಿಲ್ಲ.

"ಬಾರ್ಡರ್" ಸಿನಿಮಾ ನೋಡಿದವರಿಗೆ ಗೊತ್ತು. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಒಂದು ಕಂಪನಿ, ಎದುರಿಗೆ ಟ್ಯಾಂಕುಗಳು. ಜೈಸಲ್ಮೇರ್‌ನಲ್ಲಿದ್ದ ಹಂಟರ್ ವಿಮಾನಗಳು ರಾತ್ರಿ ಹೊಡೆಯಲಾರವು. ಬೆಳಕಾಗೋವರೆಗೆ ಕಾಯಬೇಕು. ಬೆಳಕಾಯಿತು, ಹಂಟರ್‌ಗಳು ಬಂದವು. ಮರಳಲ್ಲಿ ಟ್ಯಾಂಕ್ ಎಲ್ಲಿದೆ ಅಂತ ಮೇಲಿಂದ ತೋರಿಸಿಕೊಟ್ಟದ್ದು ಮೇಜರ್ ಆತ್ಮಾ ಸಿಂಗ್ ಹಾರಿಸ್ತಿದ್ದ ಒಂದು ಪುಟ್ಟ ವಿಮಾನ. ಅದರ ಹೆಸರು ಕೃಷಕ್. ತಯಾರಾದದ್ದು ಎಲ್ಲಿ ಗೊತ್ತಾ? ನಮ್ಮ ವಿಮಾನಪುರದಲ್ಲಿ, ಎಚ್ಎಎಲ್‌ನಲ್ಲಿ.

ಪೂರ್ವದಲ್ಲಿ ಯುದ್ಧ ಅಧಿಕೃತವಾಗಿ ಶುರುವಾಗೋಕೂ ಮುಂಚೆ, ನವೆಂಬರ್ 22ಕ್ಕೆ, ಬೊಯ್ರಾದ ಆಕಾಶದಲ್ಲಿ ಪಾಕಿಸ್ತಾನದ ಸೇಬರ್‌ಗಳನ್ನು ಕೆಡವಿದ್ದು ನ್ಯಾಟ್‌ಗಳು. ಡಿಸೆಂಬರ್ 14ಕ್ಕೆ ಶ್ರೀನಗರದ ಮೇಲೆ ಒಬ್ಬರೇ ಹೋರಾಡಿ ಮಡಿದು ಪರಮವೀರ ಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿದ್ದೂ ನ್ಯಾಟ್. ಎಂಜಿನ್ ಸಾಲದ ಮರುತ್‌ಗಳು ಮರುಭೂಮಿಯ ಮೇಲೆ ಕೆಳಮಟ್ಟದಲ್ಲಿ ಹಾರಿ ಭೂಸೇನೆಗೆ ನೆರವಾದವು. ತಾನು ಅಧ್ಯಕ್ಷನಾಗಿದ್ದ ಕಾರ್ಖಾನೆಯ ವಿಮಾನಗಳನ್ನೇ, ಅವುಗಳ ಶಕ್ತಿ ಎಷ್ಟು ಮಿತಿ ಎಷ್ಟು ಅಂತ ಗೊತ್ತಿದ್ದೂ, ಲಾಲ್ ಯುದ್ಧಕ್ಕೆ ಕಳಿಸಿದರು. ಬರ್ಮಾದಲ್ಲಿ ಕಾಯ್ತಾ ಕೂತಿದ್ದ ಸಿಪಾಯಿ, ಏರ್‌ಲೈನ್ಸ್‌ನ ಟೈಮ್‌ಟೇಬಲ್, ಬೆಂಗಳೂರಿನ ಅಸೆಂಬ್ಲಿ ಲೈನ್, ಯಾವುದೂ ವ್ಯರ್ಥ ಆಗಲಿಲ್ಲ. ಹತ್ತೊಂಬತ್ತು ವರ್ಷದ ಬೆಲೆ ಕೇಳಿದವರಿಗೆ ನನ್ನ ಉತ್ತರ ಇಷ್ಟೇ. ಹುದ್ದೆಯ ಹೆಸರು ಕಂಪನಿಯದ್ದು, ಅದನ್ನು ಅವರು ವಾಪಸ್ ತಗೊಂಡರು. ನೀವು ಯಾರ ಕಷ್ಟವನ್ನು ಅರ್ಥ ಮಾಡ್ಕೊಂಡಿದ್ದೀರೋ ಆ ತಿಳಿವಳಿಕೆ ನಿಮ್ಮದು. ಅದನ್ನು ರೆಸ್ಯೂಮೆಯಲ್ಲಿ ಮೊದಲು ಬರೀರಿ. ಅದಕ್ಕೂ ಮೊದಲು, ಇವತ್ತೇ ಮನೆಯಲ್ಲಿ ಹೇಳಿ. ಆ ಡಬ್ಬಿ ಕಟ್ಟಿಕೊಡೋರಿಗೆ ಗೊತ್ತಾಗೋ ಹಕ್ಕಿದೆ.

ಲಾಲ್ 1973ರ ಜನವರಿಯಲ್ಲಿ ನಿವೃತ್ತರಾದರು. ಕಥೆ ಇಲ್ಲಿಗೆ ಮುಗಿದಿದ್ದರೆ ಸಿನಿಮಾ ಥರ ಇರ್ತಿತ್ತು. ಆದರೆ ಇನ್ನೊಂದು ತಿರುವು ಇದೆ, ಅದನ್ನು ಬಿಟ್ಟು ಹೇಳೋದು ನ್ಯಾಯ ಅಲ್ಲ.

1978ರ ಫೆಬ್ರುವರಿಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಏರ್ ಇಂಡಿಯಾದ ಅಧ್ಯಕ್ಷ ಸ್ಥಾನದಿಂದ ಜೆ.ಆರ್.ಡಿ. ಟಾಟಾ ಅವರನ್ನು ತೆಗೆದುಹಾಕಿತು. ಆ ಸಂಸ್ಥೆಯನ್ನು ಹುಟ್ಟುಹಾಕಿದ ಮನುಷ್ಯ ಅವರು. ಅವರ ಜಾಗಕ್ಕೆ ನೇಮಕವಾದವರು ಪಿ.ಸಿ. ಲಾಲ್. ಆಗ ಲಾಲ್ ಇದ್ದದ್ದು ಟಾಟಾ ಬಳಗದಲ್ಲೇ. ಜೆ.ಆರ್.ಡಿ.ಗೆ ಸುದ್ದಿ ಮೊದಲು ಗೊತ್ತಾಗಿದ್ದು ಸರ್ಕಾರದಿಂದಲ್ಲ, ಲಾಲ್ ಅವರಿಂದಲೇ. ಒಂದು ಕಾಲಕ್ಕೆ ಹೀಗೇ ಏಕಾಏಕಿ ಹೊರಗೆ ಹಾಕಿಸಿಕೊಂಡವರು, ಈಗ ಇನ್ನೊಬ್ಬರು ಹಾಗೆ ಹೊರಗೆ ಹೋದಾಗ ಖಾಲಿಯಾದ ಕುರ್ಚಿಗೆ ಬಂದರು.

ಇದನ್ನು ಓದಿದಾಗ ನಮ್ಮ ಆಫೀಸಿನ ಎಷ್ಟೋ ಮುಖಗಳು ನೆನಪಾದವು. ಲೇಆಫ್ ಆದ ಮರುದಿನ ಹೋದವರ ಪ್ರಾಜೆಕ್ಟ್ ಯಾರದೋ ಕೈಗೆ ಬರುತ್ತೆ. ತಗೊಂಡವರು ಕೆಟ್ಟವರಲ್ಲ, ಅವರಿಗೂ ಇಎಂಐ ಇದೆ. ಆದರೆ ಹೋದವರಿಗೆ ಒಂದು ಫೋನ್ ಮಾಡೋದು, "ನಿಮ್ಮ ಕೆಲಸ ನನ್ನ ಹತ್ರ ಬಂದಿದೆ" ಅಂತ ನಾವೇ ಹೇಳೋದು, ಅಷ್ಟು ಮಾಡೋರು ಎಷ್ಟು ಮಂದಿ? ಎಚ್‌ಆರ್ ಮೇಲ್‌ನಿಂದ ಗೊತ್ತಾಗೋದಕ್ಕೂ, ಪಕ್ಕದ ಸೀಟಿನವರಿಂದ ಗೊತ್ತಾಗೋದಕ್ಕೂ ವ್ಯತ್ಯಾಸ ಇದೆ.

ಲಾಲ್ 1982ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರ ನೆನಪುಗಳನ್ನು ಪತ್ನಿ ಇಳಾ ಲಾಲ್ ಸಂಪಾದಿಸಿದರು. "ಮೈ ಇಯರ್ಸ್ ವಿತ್ ದಿ ಐಎಎಫ್" ಅನ್ನೋ ಹೆಸರಲ್ಲಿ 1986ರಲ್ಲಿ ಪುಸ್ತಕವಾಗಿ ಬಂತು.

ವೀಕೆಂಡಿನಲ್ಲಿ ಮಾಲ್ ಬಿಟ್ಟು ಬೇರೆ ಕಡೆ ಹೋಗೋ ಮನಸ್ಸಿದ್ದರೆ, ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಎಚ್ಎಎಲ್ ಮ್ಯೂಸಿಯಂ ಇದೆ. ಮಕ್ಕಳನ್ನು ಕರ್ಕೊಂಡು ಹೋಗಿ, ಮರುತ್ ಮುಂದೆ ಒಂದು ನಿಮಿಷ ನಿಲ್ಲಿ. ಅದನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಬೆಂಗಳೂರಲ್ಲೇ ಮರುತ್‌ನ ಪರೀಕ್ಷಾ ಹಾರಾಟದಲ್ಲಿ ತೀರಿಕೊಂಡರು. ಹಳೇ ಏರ್‌ಪೋರ್ಟ್ ರಸ್ತೆಯಿಂದ ಹಳೇ ಮದ್ರಾಸ್ ರಸ್ತೆಗೆ ಹೋಗುವಾಗ ನಿಮ್ಮ ಮ್ಯಾಪ್ "ಸುರಂಜನ್ ದಾಸ್ ರೋಡ್ ಕಡೆ ತಿರುಗಿ" ಅನ್ನುತ್ತಲ್ಲ, ಅದು ಅವರ ಹೆಸರು.

ಮುಂದಿನ ಅಂಕಣಕ್ಕೆ ನಿಮಗೊಂದು ಕೆಲಸ. ನೀವು ಮಾಡಿದ್ದನ್ನು ನಿಜವಾಗಿ ಬಳಸೋ ಒಬ್ಬ ಮನುಷ್ಯನನ್ನು ಈ ವಾರ ಹುಡುಕಿ ಮಾತಾಡಿಸಿ. ಬ್ಯಾಂಕಿನ ಕೌಂಟರ್‌ನವರು, ಡೆಲಿವರಿ ಹುಡುಗ, ಆಸ್ಪತ್ರೆಯ ಬಿಲ್ಲಿಂಗ್‌ನವರು, ಯಾರಾದರೂ ಸರಿ. ಅವರು ಏನಂದ್ರು ಅಂತ ನನಗೆ ಬರೀರಿ. ಬೈದಿದ್ರೂ ಬರೀರಿ.